ನಾನು ಕಂಡೂ ಹೇಳದ ನೀಲಿ ಹೊಗೆ

ಮುಂಬೈ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದು ನಾಲ್ಕೈದು ವರ್ಷ ಆಗಿದ್ದಿರಬೇಕು. ಶಿರಸಿ ಪೇಟೆಯ ಹೊರಗೆ, ಬನವಾಸಿ ರಸ್ತೆಯ ಬದಿಗೆ ನನ್ನದೊಂದು ತಗಡಿನ ಗ್ಯಾರೇಜಿತ್ತು. ನಾನು ಸಿದ್ದಾಪುರದ ಕಡೆಯವನು. ಹುಬ್ಬಳ್ಳಿಯಲ್ಲಿ ಬಸ್ಸುಗಳ ವರ್ಕ್‌ಶಾಪೊಂದರಲ್ಲಿ ಆರು ವರ್ಷ ಸ್ಪ್ಯಾನರ್ ಹಿಡಿದು ಬಂದಿದ್ದೆ. ಡೀಸೆಲ್ ಎಂಜಿನ್ ಬಿಚ್ಚಿ ಮತ್ತೆ ಜೋಡಿಸಬಲ್ಲವರು ಆಗ ನಮ್ಮ ಸೀಮೆಯಲ್ಲಿ ಬೆರಳೆಣಿಕೆಯಷ್ಟು ಮಂದಿ. ಮೇಸ್ತ್ರಿ ಹೊಗೆ ನೋಡಿಯೇ ರೋಗ ಹೇಳುತ್ತಾನೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಆ ಮಾತು ನನ್ನ ತಲೆಗೇರಿತ್ತು.

ನಿಜಕ್ಕೂ ಅದು ಮಹಾವಿದ್ಯೆಯೇನಲ್ಲ. ಹೊಗೆ ಕಪ್ಪಗೆ ಬಂದರೆ ಡೀಸೆಲ್ ಹೆಚ್ಚಾಯಿತು, ಇಲ್ಲವೇ ಗಾಳಿ ಸಾಲುತ್ತಿಲ್ಲ. ಬಿಳಿ ಹೊಗೆ ನಿಲ್ಲದೆ ಬಂದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೇ ಒಳಗೆ ನೀರು ಸೇರುತ್ತಿದೆ. ನೀಲಿ ಬಂತೆಂದರೆ ಎಂಜಿನ್ನು ತನ್ನ ಹೊಟ್ಟೆಯ ಎಣ್ಣೆಯನ್ನೇ ಸುಡುತ್ತಿದೆ. ಆದರೆ ಯಾವ ಹೊಗೆ ಯಾವಾಗ ಬರುತ್ತದೆ ಎಂದು ಕಾದು ನೋಡುವ ತಾಳ್ಮೆ ಬೇಕು. ಅದು ನನ್ನಲ್ಲಿರಲಿಲ್ಲ.

ಬನವಾಸಿ ಬಯಲಿನ ಒಬ್ಬ ಗೌಡರು ಒಂದು ಹಳೆಯ ಟ್ರಾಕ್ಟರ್ ಇಟ್ಟಿದ್ದರು. ಹುಬ್ಬಳ್ಳಿಯಲ್ಲಿ ಹರಾಜಿನಲ್ಲಿ ಹಿಡಿದದ್ದು. ಅದನ್ನು ಓಡಿಸಲು ಹಾವೇರಿ ಕಡೆಯಿಂದ ಬಂದ ಒಬ್ಬ ಡ್ರೈವರ್ ಇದ್ದ. ನಲವತ್ತರ ಆಸುಪಾಸಿನವನು, ಮಾತು ಕಡಿಮೆ. ಒಂದು ಬೇಸಿಗೆಯ ಬೆಳಿಗ್ಗೆ ಇಬ್ಬರೂ ಟ್ರಾಕ್ಟರ್ ತಂದು ನನ್ನ ಅಂಗಳದಲ್ಲಿ ನಿಲ್ಲಿಸಿದರು. ಜೊತೆಗೆ ಗೌಡರ ಊರಿನ ನಾಲ್ಕೈದು ಜನ ಪೇಟೆ ಕೆಲಸಕ್ಕೆಂದು ಟ್ರೇಲರಿನಲ್ಲಿ ಕೂತು ಬಂದಿದ್ದರು.

"ಮೇಸ್ತ್ರೀ, ವಾರಕ್ಕೊಮ್ಮೆ ಡಬ್ಬಿಗಟ್ಟಲೆ ಎಣ್ಣಿ ಹೊಂಟೈತಿ. ಎಂಜಿನ್ನ ಕುಡೀತೈತಿ ಅಂತಾನ ಇಂವ. ಇಂವನ ಕದ್ದು ಮಾರ್ತಾನೇನೋ ಅಂತ ನನಗ ಅನುಮಾನ. ನೀವು ಹೇಳಿದ್ದ ಖರೆ," ಎಂದರು ಗೌಡರು.

ನಾನು ಬಾಯಿ ತೆರೆಯುವ ಮೊದಲೇ ಡ್ರೈವರ್ ಮುಂದೆ ಬಂದ. ಅವನ ಕೈಯಲ್ಲಿ ಪಂಚೆಯ ಒಂದು ಬಿಳಿ ತುಂಡಿತ್ತು. ಅದರ ಮೇಲೆ ಅಂಗೈಯಗಲ ಜಿಡ್ಡಿನ ಕಲೆ.

"ರಿಂಗ್ ಸವದಾವ್ರಿ. ನೇಗಿಲ ಹೊಡಿಯುವಾಗ ಹೊಗಿ ಪೈಪಿನ ಬಾಯಿಗೆ ಈ ಅರಿವಿ ಹಿಡದಿದ್ದೆ. ನೋಡ್ರಿ, ಹೆಂಗ ಎಣ್ಣಿ ಉಗುಳೈತಿ. ಇಲ್ಲಿ ನಿಂತಾಗ ಸಂಭಾವಿತರಂಗ ಇರ್ತೈತ್ರಿ. ಗದ್ದಿಗೆ ಬಂದು, ನೇಗಿಲ ಮಣ್ಣಿಗಿಳಿದಾಗ ನೋಡ್ರಿ."

ಅವನು ಹೇಳಿದ್ದು ಸರಿಯಾಗಿತ್ತು. ಪಿಸ್ಟನ್ನಿನ ಸುತ್ತಲ ರಿಂಗು ಸವೆದರೆ ಎಣ್ಣೆ ಮೇಲೇರಿ ಉರಿದುಹೋಗುತ್ತದೆ. ಎಂಜಿನ್ನಿನ ಮೇಲೆ ಭಾರ ಬಿದ್ದಾಗಲೇ ಅದರ ಸವೆತ ಹೊರಗೆ ಬರುವುದು. ಆದರೆ ನನ್ನ ಅಂಗಳದಲ್ಲಿ, ನಾಲ್ಕು ಜನರ ಎದುರಿಗೆ, ಒಬ್ಬ ಡ್ರೈವರ್ ನನಗಿಂತ ಮೊದಲು ರೋಗ ಹೇಳಿದ್ದು ನನಗೆ ಹಿಡಿಸಲಿಲ್ಲ.

"ನೀನು ಡ್ರೈವರೋ, ಮೇಸ್ತ್ರಿಯೋ?" ಎಂದೆ. "ಡ್ರೈವರ್ ಕೈಯ ಅರಿವೆಗೆ ಎಣ್ಣೆಯಲ್ಲದೆ ಗಂಧ ಹತ್ತುತ್ತದೆಯೇ?"

ಟ್ರೇಲರಿನಲ್ಲಿದ್ದವರು ಗೊಳ್ಳೆಂದು ನಕ್ಕರು. ಗೌಡರೂ ನಕ್ಕರು. ಡ್ರೈವರ್ ಅರಿವೆಯನ್ನು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡ.

ಎಂಜಿನ್ ಚಾಲೂ ಮಾಡಿಸಿದೆ. ಹೊಗೆ ತೆಳ್ಳಗೆ ಬಂತು, ದೋಷವೇನೂ ಕಾಣಲಿಲ್ಲ. ಹಿಂದಿನ ದಿನವಷ್ಟೇ ಗೌಡರು ಯಾರದೋ ಮಾತು ಕೇಳಿ ದಪ್ಪ ಎಣ್ಣೆ ಹಾಕಿಸಿದ್ದರೆಂದು ನನಗೆ ಆಮೇಲೆ ತಿಳಿಯಿತು. ಅದು ಹೊಗೆಯನ್ನು ಒಂದೆರಡು ದಿನ ಮುಚ್ಚಿಡುತ್ತದೆ. ಯಾವ ಎಣ್ಣೆ ಹಾಕಿದ್ದೀರಿ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಸ್ವಲ್ಪ ಹೊತ್ತು ನಿಧಾನಕ್ಕೆ ಓಡಲು ಬಿಟ್ಟು ಒಮ್ಮೆಲೇ ವೇಗ ಏರಿಸಿದಾಗ ಪೈಪಿನ ಬಾಯಲ್ಲಿ ಒಂದು ಎಳೆ ನೀಲಿ ಬಂದು ಹೋಯಿತು. ನನಗೆ ಅದು ಕಂಡಿತು. ಕಾಣಲಿಲ್ಲವೆಂದರೆ ಸುಳ್ಳಾಗುತ್ತದೆ. ಹಳೇ ಎಂಜಿನ್ನಿಗೆ ಇಷ್ಟು ಇದ್ದದ್ದೇ ಎಂದು ನನಗೆ ನಾನೇ ಹೇಳಿಕೊಂಡೆ. ಗೌಡರಿಗೆ ಅಕ್ಕಿ ಗಿರಣಿಯಿತ್ತು, ಎರಡು ಪಂಪ್‌ಸೆಟ್ ಇದ್ದವು; ಅವುಗಳ ರಿಪೇರಿಯೆಲ್ಲ ನನಗೇ ಬರುತ್ತಿತ್ತು. ಅವರಿಗೆ ಯಾವ ಉತ್ತರ ಬೇಕಾಗಿದೆ ಎನ್ನುವುದು ಮುಖದಲ್ಲೇ ಬರೆದಂತಿತ್ತು.

"ಡಬ್ಬಿಗಟ್ಟಲೆ ಎಣ್ಣೆ ಕುಡಿಯುವ ಎಂಜಿನ್ ಅಲ್ಲ ಇದು," ಎಂದುಬಿಟ್ಟೆ.

ಗೌಡರು ಅಲ್ಲೇ, ಊರವರ ಎದುರಿಗೇ, ಡ್ರೈವರಿನತ್ತ ಕೈ ಚಾಚಿ ಕೀಲಿ ಕೇಳಿದರು. ಅವನು ಕೊಟ್ಟ. ನನ್ನ ಮುಖ ನೋಡಿದ. ಬೇರೆ ಯಾರನ್ನೋ ಸೀಟಿಗೆ ಹತ್ತಿಸಿ ಅವರು ಹೊರಟುಹೋದರು. ಅವನು ಬಸ್ ಸ್ಟ್ಯಾಂಡಿನ ದಿಕ್ಕಿಗೆ ನಡೆದ.

ಮುಂದಿನ ವರ್ಷ ಬಿತ್ತನೆಗೆ ಮುಂಚೆ ಅದೇ ಟ್ರಾಕ್ಟರನ್ನು ಎತ್ತು ಕಟ್ಟಿ ಎಳೆದು ತಂದರು. ಚಾಲೂ ಆಗುತ್ತಿರಲಿಲ್ಲ. ಎಂಜಿನ್ನಿನ ಮೇಲಿನ ಮುಚ್ಚಳ, ಹೆಡ್ಡು, ಎತ್ತಿದೆ. ಸಿಲಿಂಡರಿನ ಗೋಡೆ ಸವೆದು, ಮೇಲಂಚಿನಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಮೆಟ್ಟಿಲು ಬಿದ್ದಿತ್ತು. ಪಿಸ್ಟನ್ ಹೊರಗೆ ತೆಗೆದೆ. ಎಣ್ಣೆ ತಡೆಯಬೇಕಾದ ರಿಂಗು ಮಸಿಯಲ್ಲಿ ಅಂಟಿಕೊಂಡು ಅಲುಗದೆ ಕೂತಿತ್ತು; ಪಕ್ಕದ ಎರಡು ಪಿಸ್ಟನ್ನುಗಳಲ್ಲಿ ರಿಂಗೇ ತುಂಡಾಗಿತ್ತು. ಇದು ಒಂದು ವರ್ಷದ ಸವೆತವಲ್ಲ. ಹರಾಜಿನಲ್ಲಿ ಹಿಡಿದ ದಿನವೇ ಅದು ಎಣ್ಣೆ ಕುಡಿಯುತ್ತಿತ್ತು.

ಗೌಡರನ್ನು ಕರೆದು ತೋರಿಸಿದೆ. "ಗೌಡ್ರೇ, ನಾನು ತಪ್ಪಿದೆ. ಆ ಮನುಷ್ಯ ಕದ್ದಿರಲಿಲ್ಲ."

ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಅಂವ ಹೋಗಿ ಒಂದ ತಿಂಗಳಿಗೇ ನನಗ ಗೊತ್ತಾತ್ರಿ. ಡಬ್ಬಿ ನನ್ನ ಕೋಣ್ಯಾಗ ಕೀಲಿ ಹಾಕಿ ಇಟ್ಟಿದ್ದೆ. ನಾನ ಕೈಯಾರೆ ಹಾಕತಿದ್ದೆ. ಆದರೂ ಎಣ್ಣಿ ಹೊಂಟಿತ್ತು."

"ಮತ್ತೆ ಅವನಿಗೆ ಹೇಳಿ ಕಳಿಸಲಿಲ್ಲವೇ?"

"ಮಂದಿ ಮುಂದ ಹೊರಗ ಹಾಕೀನಿ. ಯಾವ ಮುಖ ಇಟ್ಕೊಂಡು ಕರೀಲಿ? ಬಿಡ್ರಿ ಮೇಸ್ತ್ರಿ, ರಿಂಗ್ ಹಾಕಿ ಕೊಡ್ರಿ."

ಮನೆಗೆ ಹೋಗಿ ಹೆಂಡತಿಯ ಹತ್ತಿರ ಹೇಳಿದೆ. ಅವಳು ಸಮಾಧಾನ ಮಾಡಬಹುದು ಎಂಬ ಆಸೆಯಿತ್ತು.

"ಎನ್ನ ಹತ್ರ ಹೇಳಿರೆ ಎಂತ ಆಗ್ತು?" ಎಂದಳು. "ಅವನ ಹತ್ರ ಹೋಗಿ ಹೇಳಿ."

ಅವನು ಯಲ್ಲಾಪುರದ ಕಡೆ ಒಂದು ನಾಟಾ ಡಿಪೋದಲ್ಲಿದ್ದಾನೆಂದು ಲಾರಿಯವರಿಂದ ತಿಳಿಯಿತು. ಬಸ್ಸು ಹತ್ತಿ ಹೋದೆ. ಲಾರಿಗೆ ದಿಮ್ಮಿ ಹೇರುವ ಗುಂಪಿನಲ್ಲಿ ಅವನಿದ್ದ. ಭುಜದ ಮೇಲೆ ಮಡಚಿದ ಗೋಣಿ, ಸೊರಗಿದ ಮೈ. ನನ್ನ ಗುರುತು ಹಿಡಿದ. ಪಕ್ಕಕ್ಕೆ ಕರೆದು, ಎಂಜಿನ್ನಿನೊಳಗೆ ಕಂಡದ್ದನ್ನೆಲ್ಲ ಹೇಳಿದೆ. ತಪ್ಪಾಯಿತು ಎಂದೆ.

ಅವನು ಗೋಣಿಯಿಂದ ಮುಖ ಒರೆಸಿಕೊಂಡ.

"ರಿಂಗ್ ಸವದಾವ ಅಂತ ನನಗ ಗೊತ್ತಿತ್ತಲ್ರಿ," ಎಂದ. "ಗೊತ್ತಿದ್ದವಗ ಹೇಳಾಕ ಇಷ್ಟ ದೂರ ಬಂದ್ರಿ? ಇಲ್ಲಿ ಲಾರಿ ಓಡಸ್ತೀನಿ ಅಂತ ಕೇಳಿದೆ. ಎಣ್ಣಿ ಕಳ್ಳ ಅನ್ನೂ ಸುದ್ದಿ ನನಕಿಂತ ಮೊದಲ ಬಂದಿತ್ತು. ನನ್ನ ಹೆಂಡ್ತಿಯ ತಮ್ಮ ನಮ್ಮ ಮನಿಗೆ ಬರೂದ ಬಿಟ್ಟಾನ. ನನಗ ಹೇಳಬ್ಯಾಡ್ರಿ. ಆ ಊರಾಗ ಹೇಳ್ರಿ, ನಕ್ಕವರ ಮುಂದ."

ನಾಲ್ಕು ಜನ ಅವನ ಹೆಸರು ಹಿಡಿದು ಕೂಗಿದರು. ಅವನು ದಿಮ್ಮಿಗೆ ಭುಜ ಕೊಡಲು ಹೋದ. ನಾನು ನಿಂತೇ ಇದ್ದೆ, ಅವನು ಮತ್ತೆ ತಿರುಗಿ ನೋಡಲಿಲ್ಲ.

ಆ ಊರಿಗೆ ಹೋಗಲು ನನಗೆ ಇಪ್ಪತ್ತು ದಿನ ಬೇಕಾಯಿತು. ಒಂದು ಮಧ್ಯಾಹ್ನ ಗೌಡರ ಮನೆಯ ಮುಂದಿನ ಕಟ್ಟೆಯಲ್ಲಿ ಹತ್ತು ಹನ್ನೆರಡು ಜನ ಕೂತಿದ್ದರು. ಗೌಡರೂ, ಅಂದು ನಕ್ಕವರೂ ಅವರಲ್ಲಿದ್ದರು. ನಿಂತುಕೊಂಡೇ ಹೇಳಿದೆ: ಎಂಜಿನ್ ಸವೆದಿತ್ತು, ಎಣ್ಣೆಯನ್ನು ಅದೇ ಸುಟ್ಟಿತು, ನಾನು ಸರಿಯಾಗಿ ನೋಡದೆ ಮಾತಾಡಿದೆ, ಆ ಡ್ರೈವರ್ ಕಳ್ಳನಲ್ಲ.

ಒಬ್ಬ ಹಿರಿಯರು ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು:

"ಕದ್ದಿದ್ದಿಲ್ಲಂದ್ರ ಮತ್ತ ಊರು ಬಿಟ್ಟು ಯಾಕ ಹೋದಾ?"

ಹೌದಲ್ಲ ಎಂದು ಇಬ್ಬರು ತಲೆಯಾಡಿಸಿದರು.

"ಗೌಡ್ರಿಗೂ ಗೊತ್ತಿದೆ, ಅವರನ್ನೇ ಕೇಳಿ," ಎಂದೆ.

ಗೌಡರು ಎದ್ದು ಪಂಚೆ ಸರಿಮಾಡಿಕೊಂಡರು. "ಬಿಸಲಾಗ ಬಂದೀರಿ ಮೇಸ್ತ್ರಿ, ಒಳಗ ಬರ್ರಿ, ಚಾ ಕುಡದು ಹೋಗ್ರಿ," ಎಂದರು.

ನಾನು ಒಳಗೆ ಹೋದೆ. ಚಹಾ ಕುಡಿದೆ. ಅವರು ಗಿರಣಿಯ ಬೆಲ್ಟಿನ ವಿಷಯ ಎತ್ತಿದರು, ನಾನೂ ಉತ್ತರ ಕೊಟ್ಟೆ. ಹೊರಗೆ ಬರುವಾಗ ಕಟ್ಟೆಯವರು ಮಳೆಯ ಬಗ್ಗೆ ಮಾತಾಡುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಮತ್ತೊಮ್ಮೆ ಯಲ್ಲಾಪುರಕ್ಕೆ ಹೋದೆ. ಊರಲ್ಲಿ ಹೇಳಿದ್ದೇನೆ ಎಂದು ಅವನಿಗೆ ತಿಳಿಸಬೇಕಿತ್ತು. ಡಿಪೋದಲ್ಲಿ ಬೇರೆ ಗುಂಪಿತ್ತು. ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಘಟ್ಟ ಇಳಿದು ಹೋದನೆಂದು ಒಬ್ಬ ಹೇಳಿದ, ದಾಂಡೇಲಿಗೆ ಹೋದನೆಂದು ಇನ್ನೊಬ್ಬ. ಹುಡುಕುತ್ತೇನೆಂದು ಅಂದುಕೊಂಡೆ. ಹುಡುಕಲಿಲ್ಲ. ಗೌಡರ ಎಂಜಿನ್ನುಗಳು ನನ್ನ ಗ್ಯಾರೇಜಿಗೆ ಬರುತ್ತಲೇ ಇದ್ದವು, ನಾನು ಬೇಡವೆನ್ನಲಿಲ್ಲ.