ನಾನು ಮುಚ್ಚಿಸಿದ ಮಗ್ಗದ ಕುಣಿ

ಸಂಬಳದವನು ತೆರಿಗೆ ತಪ್ಪಿಸಲಾರ, ದುಡ್ಡು ಕೈಗೆ ಬರುವ ಮೊದಲೇ ಸರ್ಕಾರ ಕತ್ತರಿ ಹಾಕಿರುತ್ತದೆ ಎಂದು ಬಾದಾಮಿಯ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಪ್ರತಿ ಫೆಬ್ರವರಿಯಲ್ಲೂ ಗೋಳಾಟ ನಡೆಯುತ್ತಿತ್ತು. ವ್ಯಾಪಾರಿಗಳನ್ನು ಬೈಯುವುದರಲ್ಲಿ ನನ್ನ ದನಿ ಎಲ್ಲರಿಗಿಂತ ಮೇಲೆ. ಇಳಕಲ್ಲಿನ ಬಟ್ಟೆ ವ್ಯಾಪಾರಿಯ ಮಗನಾದ ನನಗೆ ಅವರ ಒಳಗುಟ್ಟೆಲ್ಲ ಗೊತ್ತು ಎಂಬ ಗತ್ತು ಬೇರೆ. ಹಾಗೆ ಬೈಯುವಾಗ, ಬಾಗಲಕೋಟೆಯಲ್ಲಿ ನನ್ನದೇ ಒಂದು ಮನೆ ಬಾಡಿಗೆಗಿದೆ, ಅದರ ಒಂದು ರೂಪಾಯಿಯನ್ನೂ ನಾನು ಲೆಕ್ಕಕ್ಕೆ ತೋರಿಸಿಲ್ಲ ಎಂಬುದು ನೆನಪಿಗೇ ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಎನ್ನುವುದೂ ಸುಳ್ಳು. ಬರುತ್ತಿತ್ತು, ಆಗ ದನಿಯನ್ನು ಇನ್ನಷ್ಟು ಏರಿಸುತ್ತಿದ್ದೆ.

ಮನೆ ಅಪ್ಪ ಕೊಂಡದ್ದು, ಹಳೇ ಬಾಗಲಕೋಟೆಯ ಒಂದು ಇಕ್ಕಟ್ಟಾದ ಓಣಿಯಲ್ಲಿ. ಅಪ್ಪ ಇರುವಾಗಲೇ ಅಲ್ಲಿಗೆ ಇಳಕಲ್ಲಿನ ಕಡೆಯ ಒಬ್ಬ ನೇಕಾರ ಮತ್ತು ಅವನ ಹೆಂಡತಿ ಬಾಡಿಗೆಗೆ ಬಂದಿದ್ದರು. ಅಪ್ಪನೇ ಮುಂದಿನ ಕೋಣೆಯ ನೆಲ ಅಗೆಯಲು ಒಪ್ಪಿಗೆ ಕೊಟ್ಟ ಮೇಲೆ ಅವರು ಕುಣಿಮಗ್ಗ ಹೂಡಿದರು. ಕುಣಿಯೊಳಗೆ ಕಾಲು ಇಳಿಬಿಟ್ಟು, ನೆಲದ ಮಟ್ಟದಲ್ಲಿ ಕೂತು ನೇಯುವ ಮಗ್ಗ ಅದು. ಬಾಡಿಗೆಯ ಕರಾರನ್ನೂ ಅಪ್ಪನೇ ಮಾಡಿದ್ದ. ತಿಂಗಳಿಗೆ ಒಂದಿಷ್ಟು ರೊಕ್ಕ, ವರ್ಷಕ್ಕೆ ಎರಡು ಸೀರೆ. ಪಂಚಮಿಗೊಂದು, ದೀಪಾವಳಿಗೊಂದು. ಅಪ್ಪ ತೀರಿಕೊಂಡ ಮೇಲೆ ಮನೆ ನನ್ನ ಹೆಸರಿಗೆ ಬಂತು, ಕರಾರು ಹಾಗೇ ಮುಂದುವರಿಯಿತು.

ಈ ಸೀರೆಗಳೇ ನನ್ನನ್ನು ಕೆಡಿಸಿದವು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ನೇಕಾರನ ಹೆಂಡತಿ ನನ್ನನ್ನು ಅಣ್ಣ ಎಂದು ಕರೆಯುತ್ತಿದ್ದಳು. ಪಂಚಮಿಯ ಸೀರೆ ನನ್ನ ತಂಗಿಗೆ ಹೋಗುತ್ತಿತ್ತು, ದೀಪಾವಳಿಯದು ಹೆಂಡತಿಗೆ. ಹಬ್ಬಕ್ಕೆ ಬಂದ ಸೀರೆ ಉಡುಗೊರೆಯಲ್ಲದೆ ಮತ್ತೇನು? ಅದರ ಜೊತೆಗೆ ಬರುವ ತಿಂಗಳ ರೊಕ್ಕ ಮನೆಯ ಸುಣ್ಣಕ್ಕೆ, ಹಂಚಿಗೆ ಸರಿಹೋಗುತ್ತದೆ ಎಂದುಕೊಂಡೆ. ಪೇಟೆಯಲ್ಲಿ ಅಂಥ ಸೀರೆಗೆ ಏನು ಬೆಲೆಯೆಂದು ಬಟ್ಟೆ ವ್ಯಾಪಾರಿಯ ಮಗನಿಗೆ ತಿಳಿಯದ್ದೇನಲ್ಲ. ರಸೀದಿ ಕೊಡುವ ಮಾತು ನಾನು ತೆಗೆಯಲಿಲ್ಲ, ಕೇಳುವ ಮಾತು ಅವರು ತೆಗೆಯಲಿಲ್ಲ. ನಮ್ಮ ಕಡೆ ಬಾಡಿಗೆಗೆ ಕಾಗದ ಕೇಳಿದರೆ ನಂಬಿಕೆಯಿಲ್ಲ ಎಂದು ಮುಖಕ್ಕೇ ಹೇಳಿದಂತೆ. ಕಾಗದವಿಲ್ಲದ್ದಕ್ಕೆ ಇಬ್ಬರಿಗೂ ಒಂದು ಹೆಮ್ಮೆಯಿತ್ತು. ಅವರ ಹೆಮ್ಮೆಗೆ ಅರ್ಥವಿತ್ತು, ನನ್ನದಕ್ಕೆ ಅನುಕೂಲವಿತ್ತು.

ಇನ್ನೊಂದನ್ನೂ ಇಲ್ಲೇ ಹೇಳಬೇಕು. ತೊಂಬತ್ತರ ದಶಕದ ಕೊನೆಯಲ್ಲಿ ಹುನಗುಂದದ ಅಂಚಿನಲ್ಲಿದ್ದ ಅಪ್ಪನ ಒಂದು ಖಾಲಿ ಜಾಗವನ್ನು ಅಲ್ಲಿಯ ಕಾಳಿನ ವ್ಯಾಪಾರಿಯೊಬ್ಬರಿಗೆ ಮಾರಿದೆ. ಊರೆಲ್ಲ ಮಾಡುವಂತೆ ನಾವೂ ಖರೀದಿ ಪತ್ರದಲ್ಲಿ ಅರ್ಧಕ್ಕಿಂತ ಕಡಿಮೆ ಬರೆಸಿದೆವು. ಮಿಕ್ಕದ್ದನ್ನು ಆತ ಒಂದು ಜೋಳದ ಚೀಲದಲ್ಲಿ ಹಾಕಿ ಕೊಟ್ಟರು, ನಾನು ಬಸ್ಸಿನಲ್ಲಿ ಕಾಲ ಹತ್ತಿರ ಇಟ್ಟುಕೊಂಡು ಬಾದಾಮಿಗೆ ತಂದೆ. ಆ ರೊಕ್ಕದಲ್ಲಿ ಬಾದಾಮಿಯ ಮನೆ ಕಟ್ಟಿದೆ. ಜಾಗ ಮಾರಿ ಬಂದ ಲಾಭಕ್ಕೂ ತೆರಿಗೆಯಿದೆ ಎಂಬುದು ನನಗೆ ತಿಳಿದಿತ್ತು. ಮುಚ್ಚಿಟ್ಟದ್ದನ್ನು ತಾವಾಗಿ ಹೇಳಿಕೊಂಡವರಿಗೆ ಮಾಫಿ ಎಂದು ಸರ್ಕಾರವೇ ಒಮ್ಮೆ ಹೇಳಿದ್ದಾಗ ಸ್ಟಾಫ್ ರೂಮಿನಲ್ಲಿ ಎಲ್ಲರ ಜೊತೆ ನಾನೂ ನಕ್ಕಿದ್ದೆ.

ಹೊಸ ಶತಮಾನ ಶುರುವಾದ ಹೊತ್ತಿಗೆ ಅಣೆಕಟ್ಟಿನ ಹಿನ್ನೀರು ನಮ್ಮ ಓಣಿಯ ಕಡೆಗೂ ಬರುತ್ತದೆ ಎಂಬುದು ಖಾತ್ರಿಯಾಯಿತು. ಮುಳುಗುವ ಮನೆಗಳಿಗೆ ಪರಿಹಾರ, ಮಾಲಕರಿಗೆ ಮುಳುಗಡೆಯವರಿಗಾಗಿ ಕಟ್ಟುತ್ತಿದ್ದ ನವನಗರದಲ್ಲಿ ನಿವೇಶನ. ಬಹಳ ವರ್ಷಗಳಿಂದ ಬಾಡಿಗೆಗಿದ್ದವರಿಗೂ ಒಂದು ಸಣ್ಣ ನಿವೇಶನ ಸಿಗುತ್ತದೆ, ಮನೆಮನೆ ಸರ್ವೆಯಲ್ಲಿ ಅವರ ಹೆಸರು ಬರಬೇಕು ಎಂದು ಕಚೇರಿಯಲ್ಲೇ ಕೇಳಿ ತಿಳಿದುಕೊಂಡು ಬಂದೆ. ಸರ್ವೆಯವರು ಬಾಡಿಗೆ ಎಷ್ಟು, ಯಾವಾಗಿನಿಂದ ಎಂದು ಬರೆದುಕೊಳ್ಳುತ್ತಾರೆ ಎಂಬುದೂ ತಿಳಿಯಿತು. ಆ ಕಾಗದಗಳೆಲ್ಲ ತೆರಿಗೆಯವರ ಕೈಗೆ ಹೋಗುತ್ತವೆ ಎಂದು ಸಹೋದ್ಯೋಗಿಯೊಬ್ಬ ಹೇಳಿದ. ನಾನು ಕೂತು ಲೆಕ್ಕ ಹಾಕಿದೆ. ಬಾಡಿಗೆ ಹೊರಬಿದ್ದರೆ ಬಾದಾಮಿಯ ಮನೆ ಹೇಗೆ ಕಟ್ಟಿದೆ ಎಂದು ಕೇಳುತ್ತಾರೆ, ಅಲ್ಲಿಂದ ಹುನಗುಂದಕ್ಕೆ ಹೋಗುತ್ತಾರೆ.

ಮುಂದಿನ ಭಾನುವಾರ ಬಾಗಲಕೋಟೆಗೆ ಹೋಗಿ ನೇಕಾರನನ್ನೂ ಅವನ ಹೆಂಡತಿಯನ್ನೂ ಕೂಡಿಸಿ ಹೇಳಿದೆ. ಸರ್ವೆಯವರು ಬಂದಾಗ ಬಾಡಿಗೆಗಿದ್ದೇವೆ ಎನ್ನಬೇಡಿ, ಮಾಲಕರ ಸಂಬಂಧಿಕರು, ಮನೆ ನೋಡಿಕೊಳ್ಳಲು ಇದ್ದೇವೆ ಎನ್ನಿ. ಇಲ್ಲದಿದ್ದರೆ ಪರಿಹಾರಕ್ಕೆ ತೊಡಕಾಗುತ್ತದೆ. ಯಾರ ಪರಿಹಾರಕ್ಕೆ ಎಂದು ನಾನು ಹೇಳಲಿಲ್ಲ. ಆಕೆ ಕೇಳಲೂ ಇಲ್ಲ. ನೀವು ಹೇಳಿದಂಗ ಆಗಲಿ ಎಂದಳು. ಆದರೆ ಸಂಬಂಧಿಕರು ಎಂದವರ ಮುಂದಿನ ಕೋಣೆಯಲ್ಲಿ ಮಗ್ಗ ಹೂಡಿದ್ದರೆ ಯಾರು ನಂಬುತ್ತಾರೆ? ಆದ್ದರಿಂದ ಮಗ್ಗವನ್ನು ಬಿಚ್ಚಿಸಿದೆ. ಮರದ ತುಂಡುಗಳನ್ನು ಹಿತ್ತಲಿನಲ್ಲಿ ಒಟ್ಟಿಸಿದೆ. ಗೌಂಡಿಯೊಬ್ಬನನ್ನು ಕರೆತಂದು ಕುಣಿಗೆ ಮಣ್ಣು ತುಂಬಿಸಿ ಮೇಲೆ ಫರಸಿ ಕಲ್ಲು ಹಾಸಿಸಿದೆ. ಹೊಸ ಕಲ್ಲು ಎದ್ದು ಕಾಣುತ್ತಿದೆ ಎಂದಾಗ, ಅದರ ಮೇಲೆ ಸೆಗಣಿ ಸಾರಿಸಿ ಹಳತಾಗಿ ಕಾಣುವಂತೆ ಮಾಡಿದವಳು ಆಕೆಯೇ. ನವನಗರಕ್ಕೆ ಹೋದ ಮೇಲೆ ಮತ್ತೆ ತೋಡಿಕೊಂಡರಾಯಿತು ಎಂದು ನಕ್ಕಳು. ನಾನು ಗೌಂಡಿಗೆ ಕೂಲಿ ಕೊಡುವ ನೆವದಲ್ಲಿ ಹೊರಗೆ ಬಂದೆ.

ಪಟ್ಟಿ ಹೊರಬಿದ್ದಾಗ ನನ್ನ ಹೆಸರು ಅದರಲ್ಲಿತ್ತು. ಎದುರು ಮನೆಯ ಬಾಡಿಗೆದಾರರ ಹೆಸರಿತ್ತು, ಓಣಿಯ ತುದಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದವನದೂ ಇತ್ತು. ಇವರದಿರಲಿಲ್ಲ. ಮನೆ ಖಾಲಿ ಮಾಡುವ ಸರದಿ ಬಂತು. ಆಕೆ ತಮ್ಮನ ಮನೆಯ ಒಂದು ಮೂಲೆಗೆ ಹೋದಳು, ಅಲ್ಲಿ ಮಗ್ಗಕ್ಕೆ ಜಾಗವಿರಲಿಲ್ಲ. ಗಂಡ ಇಳಕಲ್ಲಿಗೆ ಹೋಗಿ ಯಾರದೋ ಪವರ್‌ಲೂಮಿನಲ್ಲಿ ಕೂಲಿಗೆ ನಿಂತ.

ಆ ದೀಪಾವಳಿಗೆ ಆಕೆ ಬಾದಾಮಿಗೆ ಬಂದಳು. ಕೈಯಲ್ಲಿ ಸೀರೆಯಿತ್ತು. ಮಗ್ಗ ಬಿಚ್ಚುವ ಮೊದಲು ನೇಯ್ದಿಟ್ಟದ್ದು, ಆ ವರ್ಷದ ಬಾಕಿ ಎಂದಳು. ನಾನು ಅದನ್ನು ತೆಗೆದುಕೊಂಡೆ. ಈಗಲೂ ಈ ವಾಕ್ಯವನ್ನು ಬರೆಯಲು ಕೈ ಬರುವುದಿಲ್ಲ, ಆದರೆ ತೆಗೆದುಕೊಂಡೆ. ಚಹಾ ಕುಡಿದ ಮೇಲೆ ಆಕೆ ವಿಷಯ ತೆಗೆದಳು. ಬಾಡಿಗೆದಾರರಿಗೂ ಜಾಗ ಸಿಕ್ಕಿದ್ದು ಓಣಿಯವರಿಂದ ಈಗ ತಿಳಿಯಿತಂತೆ, ತಕರಾರು ಅರ್ಜಿ ಕೊಟ್ಟಿದ್ದಾಳಂತೆ, ಮುಂದಿನ ತಿಂಗಳು ವಿಚಾರಣೆಯಂತೆ.

"ನಾವು ಆ ಮನ್ಯಾಗ ಬಾಡಿಗಿಗೆ ಇದ್ವಿ ಅಂತ ನೀವು ಬಂದು ಒಂದ್ ಮಾತ ಹೇಳ್ರಿ ಅಣ್ಣಾರ. ಮಾಲಕರು ಹೇಳಿದ್ರ ಆಕ್ಕೈತಿ ಅಂದಾರ. ನಿಮಗೂ ಈ ಕಾನೂನು ಗೊತ್ತಿರಲಿಲ್ಲ ಅಂತ ನಾನ ಅವರಿಗೆ ಹೇಳೇನಿ."

ನೋಡೋಣ ಎಂದೆ. ನಮ್ಮ ಕಡೆ ನೋಡೋಣ ಎಂದರೆ ಆಗುವುದಿಲ್ಲ ಎಂದೇ ಅರ್ಥ. ಆಕೆ ಅದನ್ನು ನೋಡೋಣ ಎಂದೇ ತಿಳಿದುಕೊಂಡು ಹೋದಳು.

ನನ್ನ ಹೆಂಡತಿಗೆ ಅಲ್ಲಿಯವರೆಗೆ ಕುಣಿಯ ಸಂಗತಿ ಗೊತ್ತಿರಲಿಲ್ಲ. ಅಂದು ಹೇಳಿದೆ. ಹೇಳಲೇಬೇಕಾಯಿತು, ವಿಚಾರಣೆಗೆ ಯಾವತ್ತು ಹೋಗುತ್ತೀರಿ ಎಂದು ಇವಳು ಕೇಳುತ್ತಲೇ ಇದ್ದಳು. ನಾನು ಜಾಣನಂತೆ ಒಂದು ದಾರಿ ಹುಡುಕಿದ್ದೆ. ಬಾಡಿಗೆಯಿಲ್ಲದೆ ಪುಕ್ಕಟೆ ಇದ್ದರು ಎಂದು ಬರೆದುಕೊಟ್ಟರೆ ಅವರಿಗೂ ಅನುಕೂಲ, ನನಗೂ ತೊಂದರೆಯಿಲ್ಲ ಎಂದೆ. ಹೆಂಡತಿ ಸಿಟ್ಟಿಗೇಳಲಿಲ್ಲ. ತನ್ನ ಸೆರಗಿನ ಅಂಚನ್ನು ಹಿಡಿದು ನೋಡಿ ಹೇಳಿದಳು:

"ಬಾಡಿಗಿ ನನ್ನ ಮೈಮ್ಯಾಲೆ ಐತ್ರಿ. ಬಾಡಿಗಿ ಇದ್ದಿಲ್ಲ ಅಂತ ಹೆಂಗ ಬರದ ಕೊಡ್ತೀರಿ?"

ಮೂರು ದಿನ ನಾವು ಬೇಕಾದಷ್ಟೇ ಮಾತಾಡಿದೆವು. ನಾಲ್ಕನೆಯ ದಿನ ರಜೆ ಹಾಕಿ ಬಾಗಲಕೋಟೆಯ ತೆರಿಗೆ ವಕೀಲರೊಬ್ಬರ ಹತ್ತಿರ ಹೋದೆ. ಅವರು ಎಲ್ಲ ಕೇಳಿಸಿಕೊಂಡರು. ಪುಕ್ಕಟೆ ಇದ್ದವರನ್ನು ಬಾಡಿಗೆದಾರರೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ನಡೆಯುವುದಿಲ್ಲ ಎಂದರು. ಬಾಡಿಗೆ ಒಪ್ಪಿಕೊಂಡರೆ ಹಿಂದಿನ ವರ್ಷಗಳ ತೆರಿಗೆ, ಬಡ್ಡಿ, ದಂಡ. ಅದನ್ನು ಒಪ್ಪಿ ಹುನಗುಂದದ್ದನ್ನು ಮುಚ್ಚಿಟ್ಟರೆ ನಾಳೆ ಇನ್ನೂ ದೊಡ್ಡ ಪೇಚಾಟ. ಹೇಳಿದರೆ ಎರಡನ್ನೂ ಹೇಳಬೇಕು. ಆಮೇಲೆ ಕನ್ನಡಕ ತೆಗೆದು ನನಗೆ ಒಳ್ಳೆಯ ಬುದ್ಧಿಯನ್ನೇ ಹೇಳಿದರು.

"ಸುಮ್ಮನ ಇದ್ದಬಿಡ್ರಿ ಸರ್. ಮನಿ ಹೆಂಗೂ ಮುಳಗತೈತಿ. ಅದರ ಜೋಡಿ ಇದೂ ಮುಳಗತೈತಿ."

ಅವರ ಮಾತು ನನಗೆ ಎಷ್ಟು ಹಿತವೆನಿಸಿತೆಂದರೆ, ಬಸ್ ನಿಲ್ದಾಣದವರೆಗೆ ಹಗುರಾಗಿ ನಡೆದುಬಂದೆ. ಒಂದು ಪ್ಲೇಟ್ ಮಿರ್ಚಿ ಭಜಿ ತಿಂದೆ. ಆಮೇಲೆ ಬಾದಾಮಿಯ ಬಸ್ಸಿನಲ್ಲಿ ಕೂತಾಗ, ನಿಮಗೂ ಗೊತ್ತಿರಲಿಲ್ಲ ಅಂತ ನಾನ ಹೇಳೇನಿ ಎಂಬ ಅವಳ ಮಾತು ಬಂದು ಕುತ್ತಿಗೆಗೆ ಕೂತಿತು. ನನ್ನ ಸುಳ್ಳನ್ನು ನನಗಿಂತ ಮೊದಲೇ ಆಕೆ ನನ್ನ ಪರವಾಗಿ ಹೇಳಿಬಂದಿದ್ದಳು. ಊರು ದಾಟುವ ಮೊದಲೇ ಇಳಿದು ಮತ್ತೆ ಆ ವಕೀಲರ ಬಾಗಿಲಿಗೆ ಹೋದೆ. ಎರಡನ್ನೂ ಬರೆಯಿರಿ ಎಂದೆ. ಅವರಿಗೆ ನನ್ನ ಮೇಲೆ ಸಿಟ್ಟು ಬಂತು.

ಹುನಗುಂದದ ವ್ಯಾಪಾರಿಗೆ ಮೊದಲೇ ತಿಳಿಸುವುದು ಮರ್ಯಾದೆ ಎಂದು ಹೋದೆ. ನೀವು ಪುಣ್ಯ ಕಟ್ಟಿಕೊಳ್ಳಲು ನಾನು ಯಾಕೆ ದಂಡ ಕಟ್ಟಬೇಕು ಎಂದು ಕೇಳಿದರು. ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಕೂಡ್ರಿ ಎನ್ನಲಿಲ್ಲ, ನೀರೂ ಕೊಡಲಿಲ್ಲ. ಮುಂದೆ ಹುನಗುಂದದ ಯಾವ ಮದುವೆಯಲ್ಲಿ ಕಂಡರೂ ನನ್ನ ಪಂಕ್ತಿಯಿಂದ ಎದ್ದು ಹೋಗುತ್ತಿದ್ದರು.

ತೆರಿಗೆ ಕಚೇರಿಯಲ್ಲಿ ಆದದ್ದು ಬೇರೆ. ಚಿಕ್ಕ ವಯಸ್ಸಿನ ಅಧಿಕಾರಿ, ನಿಮ್ಮ ಮೇಲೆ ಯಾರಾದರೂ ದೂರು ಕೊಟ್ಟಿದ್ದಾರೆಯೇ ಎಂದು ಎರಡೆರಡು ಸಲ ಕೇಳಿದರು. ಇಲ್ಲವೆಂದಾಗ ಕುರ್ಚಿ ಹಾಕಿಸಿ, ನಿಮ್ಮಂಥ ಮೇಷ್ಟ್ರುಗಳು ಬೇಕು ಎಂದರು. ಯಾಕೆ ಬಂದೆನೆಂದು ಅವರಿಗೆ ಹೇಳುವ ಧೈರ್ಯವಾಗಲಿಲ್ಲ. ನೌಕರರ ಸೊಸೈಟಿಯಲ್ಲಿ ಸಾಲ ತೆಗೆದು ಎಲ್ಲವನ್ನೂ ಕಟ್ಟಿದೆ. ಹೆಚ್ಚಿನದೆಲ್ಲ ಹುನಗುಂದದ್ದೇ ಆಗಿತ್ತು.

ವಿಚಾರಣೆಯ ದಿನ ನವನಗರದ ಕಚೇರಿಗೆ ಹೋದೆ. ಆಕೆಯ ಗಂಡನೂ ಮುಂಜಾನೆಯ ಬಸ್ಸಿಗೆ ಇಳಕಲ್ಲಿನಿಂದ ಬಂದಿದ್ದ. ಇಷ್ಟು ವರ್ಷ ಬಾಡಿಗೆಗಿದ್ದರು, ಇಷ್ಟು ಬಾಡಿಗೆ ಪಡೆದಿದ್ದೇನೆ, ಅದಕ್ಕೆ ತೆರಿಗೆಯನ್ನೂ ಕಟ್ಟಿದ್ದೇನೆ ಎಂದು ಹೇಳಿದೆ. ಹಾಗಾದರೆ ಸರ್ವೆಯಲ್ಲಿ ಮಗ್ಗ ಯಾಕೆ ಕಾಣಲಿಲ್ಲ ಎಂದು ಅಧಿಕಾರಿ ಕೇಳಿದರು. ನಾನೇ ಬಿಚ್ಚಿಸಿ ಕುಣಿ ಮುಚ್ಚಿಸಿದೆ, ಬಾಡಿಗೆ ಹೊರಗೆ ಬರಬಾರದೆಂದು ಮುಚ್ಚಿಸಿದೆ ಎಂದೆ. ಬರೆಯುತ್ತಿದ್ದ ಗುಮಾಸ್ತ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದ. ಅವರಿಬ್ಬರೂ ನನ್ನ ಹಿಂದೆ ನಿಂತಿದ್ದರು. ನಾನು ತಿರುಗಿ ನೋಡಲಿಲ್ಲ.

ನಿವೇಶನ ಅವರಿಗೆ ಸಿಕ್ಕಿತು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ವರ್ಷಕ್ಕೂ ಮೇಲೆ ಹಿಡಿಯಿತು, ಜಾಗವೂ ದೂರದ್ದು. ಗಂಡ ಪವರ್‌ಲೂಮಿನಿಂದ ಮರಳಿ ಬರಲೇ ಇಲ್ಲ, ಅವರು ಅಲ್ಲಿ ಕಟ್ಟಿದ ಮನೆಯಲ್ಲಿ ಮಗ್ಗವಿಲ್ಲ. ಕೊನೆಗೆ ಎಲ್ಲ ಒಳ್ಳೆಯದೇ ಆಯಿತಲ್ಲ ಎಂದು ಕೆಲವರು ನನಗೆ ಸಮಾಧಾನ ಹೇಳಿದ್ದಾರೆ. ಅವರು ಆ ದಿನ ಕಚೇರಿಯ ಹೊರಗೆ ಇರಲಿಲ್ಲ.

ಹೊರಗೆ ಬೇವಿನ ಗಿಡದ ನೆರಳಿನಲ್ಲಿ ಆಕೆ ನನಗಾಗಿ ಕಾಯುತ್ತಿದ್ದಳು. ಗಂಡ ಸ್ವಲ್ಪ ದೂರ ನಿಂತು ರಸ್ತೆಯ ಕಡೆ ನೋಡುತ್ತಿದ್ದ.

"ಕುಣಿ ಮುಚ್ಚಸೂಮುಂದ, ನಮಗೂ ಜಾಗಾ ಬರತೈತಿ ಅಂತ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತವಾ," ಎಂದೆ.

ಬೈಯಲಿ ಎಂದು ಕಾದೆ. ಆಕೆ, ನಮ್ಮ ಬಾಡಿಗೆಯ ಮೇಲೆ ತೆರಿಗೆ ಎಷ್ಟಾಯಿತು ಎಂದು ಕೇಳಿದಳು. ಹುನಗುಂದದ್ದನ್ನು ಬಿಟ್ಟು, ಅಷ್ಟೂ ವರ್ಷಗಳ ಬಾಡಿಗೆಯದ್ದು ಮಾತ್ರ ಹೇಳಿದೆ. ಹೇಳುವಾಗಲೇ ಅದು ಎಷ್ಟು ಸಣ್ಣದು ಎಂದು ನನಗೇ ತಿಳಿಯಿತು.

"ಅಷ್ಟ ಏನ್ರಿ?" ಎಂದಳು. "ಹೇಳಿದ್ರ ನಾವ ಕೊಡ್ತಿದ್ವೆಲ್ರಿ."