ರೋಲಿನ ಕೊನೆಯಲ್ಲಿ ಅಮ್ಮ

ಕ್ಯಾಮೆರಾ ಟಿಕ್ ಎಂದಿತು. ರಾಜಾಜಿನಗರದ ಅಂಗಡಿಯೊಂದರಲ್ಲಿ ಗಾಜಿನ ಕೌಂಟರಿನ ಮುಂದೆ ನಿಂತು ನನ್ನ ಮಗಳು ಇಂಚರ ಹೊಸ ಡಿಜಿಟಲ್ ಕ್ಯಾಮೆರಾ ನೋಡುತ್ತಿದ್ದಳು. ಪರೀಕ್ಷೆಗೆಂದು ನನ್ನದೇ ಒಂದು ಫೋಟೊ ತೆಗೆದಳು. ಅಂಗಡಿಯವರು, "ಮೇಡಂ, ಆ ಸೌಂಡು ನಿಜ್ವಾದ್ದಲ್ಲ. ಒಳಗಡೆ ಏನೂ ಅಲ್ಲಾಡಲ್ಲ. ಬೇಡ ಅಂದ್ರೆ ಆಫ್ ಮಾಡ್ಬೋದು," ಎಂದರು. ಮಗಳು ಹಿಂದಿನ ಪರದೆ ನೋಡಿ ಮೂಗು ಮುರಿದಳು. "ಅಮ್ಮ, ನೀನು ಕಣ್ಣು ಮುಚ್ಕೊಂಡ್ಬಿಟ್ಟಿದೀಯ," ಎಂದು ಕಸದ ಡಬ್ಬಿಯ ಗುರುತಿದ್ದ ಗುಂಡಿ ಒತ್ತಿದಳು. ಪರದೆಯಿಂದ ನಾನು ಅಳಿಸಿಹೋದೆ. ಅಳಿಸುವಾಗ ಯಾವ ಸದ್ದೂ ಬರಲಿಲ್ಲ. ಫೋಟೊ ತೆಗೆಯುವುದಕ್ಕೆ ಸುಳ್ಳು ಸದ್ದನ್ನು ಹುಡುಕಿಟ್ಟವರು ಅಳಿಸುವುದಕ್ಕೂ ಒಂದು ಸದ್ದು ಇಡಬಾರದಿತ್ತೇ ಎಂದು ನನಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು. ಆ ಸಿಟ್ಟು ಮಗಳ ಮೇಲಿನದಲ್ಲ, ಅಂಗಡಿಯವರ ಮೇಲಿನದೂ ಅಲ್ಲ. ಅದು ಬಹಳ ಹಳೆಯದು, ನನ್ನ ಅಪ್ಪನ ಮೇಲಿನದು.

ನಾವು ಆಗ ಗೋವಿಂದರಾಜನಗರದ ಒಂದು ವಠಾರದಲ್ಲಿ ಬಾಡಿಗೆಗಿದ್ದೆವು. ಆ ವಠಾರ ಈಗಿಲ್ಲ, ಆ ಜಾಗದಲ್ಲಿ ಕೆಳಗೆ ಕಾರು ನಿಲ್ಲಿಸುವ ಎತ್ತರದ ಕಟ್ಟಡ ಬಂದಿದೆ. ಆದರೆ ಕಣ್ಣು ಮುಚ್ಚಿದರೆ ಹಿಂದಿನ ಅಂಗಳ ಹಾಗೇ ಬರುತ್ತದೆ. ಬಟ್ಟೆ ಒಗೆಯುವ ಕಲ್ಲು, ಅದರ ಪಕ್ಕ ಸೊಟ್ಟಗೆ ಬೆಳೆದ ಸೀಬೆ ಮರ, ಸೋಪಿನ ನೀರು ಹರಿದು ಪಾಚಿ ಕಟ್ಟಿದ ಮೋರಿ, ಮಧ್ಯಾಹ್ನ ಅಮ್ಮ ರೊಟ್ಟಿ ಬಡಿಯುವ ಸದ್ದು. ಅಮ್ಮನ ತವರು ದಾವಣಗೆರೆ ಕಡೆ. ಬೆಂಗಳೂರಿಗೆ ಬಂದು ಎಷ್ಟು ವರ್ಷವಾದರೂ ಅವಳ ಕೈಯ ರೊಟ್ಟಿಯಾಗಲಿ ಬಾಯಿಯ ಮಾತಾಗಲಿ ಬದಲಾಗಲಿಲ್ಲ. ಅಪ್ಪನಿಗೆ ಹೊಸಹಳ್ಳಿಯಲ್ಲಿ ಒಂದು ಚಿಕ್ಕ ಸ್ಟುಡಿಯೊ ಇತ್ತು. ಪಾಸ್‌ಪೋರ್ಟ್ ಫೋಟೊ ದಿನದ ಅನ್ನ, ಮದುವೆ ಫೋಟೊ ಹಬ್ಬದೂಟ. ಅಪ್ಪನ ಫಿಲ್ಮ್ ಕ್ಯಾಮೆರಾಕ್ಕೆ ನಡುಮನೆಯಲ್ಲಿ ಅದರದೇ ಒಂದು ಗೂಟವಿತ್ತು. ಅದರ ಚರ್ಮದ ಚೀಲದಿಂದ ಬೆವರು, ಕರ್ಪೂರ, ಛತ್ರದ ಅಡುಗೆ ಎಲ್ಲ ಸೇರಿದ ವಾಸನೆ ಬರುತ್ತಿತ್ತು. ಅಪ್ಪ ಮನೆಯಲ್ಲಿದ್ದಾರೆಯೇ ಇಲ್ಲವೇ ಎಂದು ನಾನು ತಿಳಿಯುತ್ತಿದ್ದುದು ಆ ಗೂಟ ನೋಡಿ.

ಅಪ್ಪನದು ಒಂದು ನೇಮವಿತ್ತು. ರೋಲು ಪೂರ್ತಿ ಮುಗಿಯದೆ ಲ್ಯಾಬಿಗೆ ಕೊಡಬಾರದು. ಮೂವತ್ತಾರು ಫೋಟೊಗಳ ರೋಲಿನಲ್ಲಿ ಒಂದು ಉಳಿದಿದ್ದರೂ ಅದನ್ನು ಹಾಗೇ ಸುತ್ತಿ ಕೊಡುವುದು ಎಲೆಯಲ್ಲಿ ಅನ್ನ ಬಿಟ್ಟು ಏಳುವುದಕ್ಕೆ ಸಮ ಎನ್ನುತ್ತಿದ್ದರು. ಹಾಗಾಗಿ ಮದುವೆ ಮುಗಿಸಿ ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಹಿತ್ತಲ ಬಾಗಿಲಿಗೆ ಬಂದು ಕೂಗುತ್ತಿದ್ದರು: "ಗಿರಿಜಾ, ಎರಡು ಉಳಿದೈತೆ, ಬಾರೇ. ಪುಟ್ಟಿನೂ ಕರ್ಕೊಂಡ್ ಬಾ." ನಾವು ಹೇಗಿದ್ದೆವೋ ಹಾಗೇ ಓಡಬೇಕು. ನಾನು ಬಾಯಲ್ಲಿ ಪೇಸ್ಟಿನ ನೊರೆ ಇಟ್ಟುಕೊಂಡು ನಿಂತ ಫೋಟೊ ಇದೆ, ಒಂದೇ ಕಾಲಿಗೆ ಶೂ ಹಾಕಿಕೊಂಡು ನಿಂತದ್ದಿದೆ. ಅಮ್ಮನದಂತೂ ಕೇಳಲೇಬೇಡಿ. ಎಲ್ಲದರಲ್ಲೂ ತಲೆಗೆ ಟವೆಲ್ಲು, ಮೇಲೆತ್ತಿ ಸಿಕ್ಕಿಸಿದ ಸೀರೆ, ಕೈಯಲ್ಲಿ ಹಿಟ್ಟು ಇಲ್ಲವೇ ಸೋಪು. ಪ್ರತಿ ಸಲವೂ ಅವಳು ಹೇಳುತ್ತಿದ್ದುದು ಒಂದೇ ಮಾತು. "ತಡೀರಿ, ಸೀರೆನಾರ ಬದಲಾಯಿಸ್ಕೊಂಡು ಬರ್ತೀನಿ." ಅಪ್ಪ ಕೊಡುತ್ತಿದ್ದುದೂ ಒಂದೇ ಉತ್ತರ. "ಬೆಳಕು ಹೋಗತ್ತೆ ಕಣೇ." ಅಷ್ಟರಲ್ಲಿ ಕ್ಯಾಮೆರಾ ಸದ್ದು ಮಾಡಿರುತ್ತಿತ್ತು. ಆ ಸದ್ದು ನಿಜವಾದದ್ದು. ಒಳಗೆ ಏನೋ ತೆರೆದು ಮುಚ್ಚಿದ್ದು ನಮ್ಮ ಕಿವಿಗೆ ಗೊತ್ತಾಗುತ್ತಿತ್ತು.

ನಿಮ್ಮ ಮನೆಯಲ್ಲೂ ಅಂಥ ಆಲ್ಬಮ್ ಇದ್ದೀತು. ನಿಮ್ಮದರಲ್ಲಿ ಎಲ್ಲರೂ ತಲೆ ಬಾಚಿಕೊಂಡು, ಹೊಸ ಬಟ್ಟೆ ತೊಟ್ಟು, ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿರುತ್ತಾರೆ. ಫೋಟೊದವರ ಮನೆಯವರಾದ ನಮ್ಮದು ಮಾತ್ರ ಊರವರ ಮದುವೆಯಲ್ಲಿ ಮಿಕ್ಕಿದ ಆಲ್ಬಮ್. ಆಗ ಅದು ನಮಗೆ ತಮಾಷೆಯಾಗಿತ್ತು, ನನಗಂತೂ ಹೆಮ್ಮೆಯೇ ಆಗಿತ್ತು. ಅಮ್ಮನಿಗೆ ಅದರಲ್ಲಿ ಒಂದು ಮುಳ್ಳಿತ್ತು ಎಂದು ತಿಳಿಯುವಷ್ಟು ನಾನು ದೊಡ್ಡವಳಾಗಿರಲಿಲ್ಲ. ತವರಿನಿಂದ ಯಾರಾದರೂ ಬಂದು ಆಲ್ಬಮ್ ಕೇಳಿದರೆ ಅವಳು ಚಹಾ ಮಾಡಲು ಎದ್ದು ಹೋಗುತ್ತಿದ್ದಳು. ಒಮ್ಮೆ ನನಗೆ ಜಡೆ ಹೆಣೆಯುತ್ತ ಹೇಳಿದ್ದಳು: "ಒಂದಾರ ಚಲೋ ಫೋಟೊ ಇರ್ಬೇಕವ್ವ ನಂದು. ನೆಟ್ಟಗೆ ಸೀರೆ ಉಟ್ಕೊಂಡು, ಹೂವ ಮುಡ್ಕೊಂಡು. ನಾಳೆ ನೋಡಿದೋರು ಈಕಿ ಸದಾ ಮುಸುರೆ ತಿಕ್ಕೋಳು ಅನ್ಕೋಬಾರ್ದು." ಅವಳು ಜೀವಮಾನದಲ್ಲಿ ತನಗೆಂದು ಬಯಸಿದ್ದರಲ್ಲಿ ನನಗೆ ಗೊತ್ತಿರುವುದು ಇದೊಂದೇ.

ನಾನು ಏಳನೆಯ ತರಗತಿಯಲ್ಲಿದ್ದಾಗ ಮದುವೆಯವರು ಡಿಜಿಟಲ್ ಕೇಳಲು ಶುರುಮಾಡಿದರು. ಅಪ್ಪ ಒಂದು ವರ್ಷ ಗೊಣಗಿದರು, ಕೊನೆಗೆ ನಮ್ಮಿಬ್ಬರನ್ನೂ ಕರೆದುಕೊಂಡು ಅಂಗಡಿಗೆ ಹೊರಟರು. ಅಂಗಡಿಯವರು ಎರಡು ಕ್ಯಾಮೆರಾ ಮುಂದಿಟ್ಟು ಏನೇನೋ ಅಂಕಿ ಹೇಳಿದರು. ಅಪ್ಪ ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳಲಿಲ್ಲ. "ನಮ್ಮೋರ ಮೈಬಣ್ಣ ಹೆಂಗ್ ಬರತ್ತೆ, ಅಷ್ಟು ತೋರಿಸಿ ಸಾರ್," ಎಂದು ಅಮ್ಮನನ್ನು ಅಂಗಡಿಯ ಮೆಟ್ಟಿಲ ಮೇಲೆ ನಿಲ್ಲಿಸಿದರು. ಒಂದರಲ್ಲಿ ತೆಗೆದರು, ಇನ್ನೊಂದರಲ್ಲಿ ತೆಗೆದರು, ಮತ್ತೆ ಮೊದಲನೆಯದರಲ್ಲಿ ತೆಗೆದರು. ಒಂದು ಕ್ಲಿಕ್ಕಿಗೆ ಮುಗಿಯಿತೆಂದು ಇಳಿಯಲು ಹೋದ ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಅಲ್ಲೇ, ಆ ಕ್ಷಣದಲ್ಲೇ, ಪರದೆಯ ಮೇಲೆ ತನ್ನ ಮುಖವನ್ನು ಅವಳು ಮೊದಲ ಬಾರಿ ನೋಡಿದಳು. ಎರಡನ್ನೂ ಬಹಳ ಹೊತ್ತು ನೋಡಿ ಒಂದನ್ನು ಮುಟ್ಟಿದಳು. "ಇದ್ರಾಗೆ ನಾನು ನನ್ ಥರಾನೇ ಇದೀನ್ರಿ. ಅದ್ರಾಗೆ ಯಾರೋ ಸಿನಿಮಾದೋರ್ ಕಂಡಂಗೆ ಕಾಣ್ತೀನಿ." ಅಪ್ಪ ಅದನ್ನೇ ತೆಗೆದುಕೊಂಡರು. ಆ ಕ್ಯಾಮೆರಾ ಆರಿಸಿದವಳು ನನ್ನ ಅಮ್ಮ. ಇದನ್ನು ಯಾರೂ ಮರೆಯಬಾರದು, ಅದಕ್ಕೇ ಬರೆಯುತ್ತಿದ್ದೇನೆ.

ಹಳೆಯ ಕ್ಯಾಮೆರಾವನ್ನು ಅಲ್ಲೇ ಎಕ್ಸ್‌ಚೇಂಜಿಗೆ ಕೊಟ್ಟರು. ಅಂಗಡಿಯವರು ಅದನ್ನು ಅಂಗೈಯಲ್ಲಿ ಒಮ್ಮೆ ತೂಗಿ ನೋಡಿ ಕೌಂಟರಿನ ಕೆಳಗೆಲ್ಲೋ ಇಟ್ಟರು. ಅಮ್ಮ ಮಾತ್ರ ಮೆಟ್ಟಿಲ ಮೇಲಿನ ಫೋಟೊ ತನಗೆ ಬೇಕೆಂದು ಕೇಳಿದಳು. ಅದು ಇರುವುದು ಅಂಗಡಿಯ ಮೆಮೊರಿ ಕಾರ್ಡಿನಲ್ಲಿ, ಕೊಡಲು ಬರುವುದಿಲ್ಲ ಎಂದರು ಅಂಗಡಿಯವರು. ಅಪ್ಪ ನಕ್ಕರು. "ಅದ್ಯಾಕೆ ಬೇಕು? ಇನ್ಮೇಲೆ ರೋಲ್ ಮುಗಿಯೋ ಭಯಾನೇ ಇಲ್ಲ ಕಣೇ. ನೀನು ಸೀರೆ ಉಟ್ಕೊಂಡ್ ಬರೋತನ್ಕ ಕಾಯ್ತೀನಿ." ಬಸ್ಸಿನಲ್ಲಿ ಮನೆಗೆ ಬರುವಾಗ ಅಮ್ಮ ಹೊಸ ಕ್ಯಾಮೆರಾದ ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಳು.

ಅಪ್ಪ ಕಾದದ್ದು ನಿಜ. ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಬಸವ ಜಯಂತಿಯ ಬೆಳಿಗ್ಗೆ ಅಮ್ಮ ಪೂಜೆ ಮುಗಿಸಿ, ಟ್ರಂಕಿನ ತಳದಿಂದ ತವರಿನ ಇಳಕಲ್ ಸೀರೆ ತೆಗೆದಳು. ನಿಧಾನವಾಗಿ ಉಟ್ಟಳು. ಹಣೆಗೆ ವಿಭೂತಿ, ಮುಡಿಗೆ ಮಲ್ಲಿಗೆ, ಕೈತುಂಬ ಹಸಿರು ಬಳೆ. ಅಂಗಳಕ್ಕೆ ಬಂದು ನಿಂತಾಗ ನಾನು ಒಂದು ಕ್ಷಣ ಯಾರೋ ನೆಂಟರು ಬಂದರೆಂದೇ ತಿಳಿದೆ. ಅಪ್ಪ ತೆಗೆದದ್ದೇ ತೆಗೆದದ್ದು. ಕಲ್ಲು, ಮೋರಿ ಎರಡೂ ಫೋಟೊದಲ್ಲಿ ಬೀಳದ ಹಾಗೆ ಸೀಬೆ ಮರದ ಕೆಳಗೆ ನಿಲ್ಲಿಸಿದರು. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಕ್ಯಾಮೆರಾ ಹಿಡಿದು ಒಂದೊಂದಾಗಿ ನೋಡಿದಳು. ಕೊಂಬೆಯ ಮೇಲೆ ಕೈಯಿಟ್ಟು ಸ್ವಲ್ಪ ಓರೆಯಾಗಿ ನೋಡುತ್ತಿದ್ದ ಒಂದು ಫೋಟೊ ಬಂದಾಗ ನಿಲ್ಲಿಸಿದಳು. "ಇದು. ಇದು ನಂದು," ಎಂದಳು. ಅವತ್ತೇ ಮಧ್ಯಾಹ್ನ ಒರಳುಕಲ್ಲಿನ ಗುಂಡು ತಂದು ನಡುಮನೆಯ ಗೋಡೆಗೆ ಒಂದು ಮೊಳೆ ಹೊಡೆದಳು. ಅದು ಹಳೆಯ ಕ್ಯಾಮೆರಾದ ಗೂಟದ ಪಕ್ಕದಲ್ಲೇ ಇತ್ತು.

ಆ ಮೊಳೆ ಖಾಲಿಯೇ ಉಳಿಯಿತು. ಮೊದಮೊದಲು ಅಮ್ಮ ವಾರಕ್ಕೊಮ್ಮೆ ಕೇಳುತ್ತಿದ್ದಳು. "ಲ್ಯಾಬಿಗೆ ಕೊಟ್ಟೀನಿ," ಎನ್ನುತ್ತಿದ್ದರು ಅಪ್ಪ. ಆಮೇಲೆ, "ಸೀಡೀಲಿ ಹಾಕ್ಸಿಟ್ಟೀನಿ, ಎಲ್ಲಿ ಹೋಗತ್ತೆ? ದೊಡ್ಡದಾಗಿ ಪ್ರಿಂಟ್ ಹಾಕ್ಸೋಣ." ಆಮೇಲೆ, "ಮದ್ವೆ ಸೀಸನ್ ಮುಗೀಲಿ." ಅಮ್ಮ ತಿಂಗಳಿಗೊಮ್ಮೆ ಕೇಳಿದಳು, ಹಬ್ಬಕ್ಕೊಮ್ಮೆ ಕೇಳಿದಳು, ಆಮೇಲೆ ಕೇಳುವುದನ್ನು ಬಿಟ್ಟಳು. ಮೊಳೆಗೆ ಕ್ಯಾಲೆಂಡರ್ ತೂಗಿತು. ಇನ್ನೊಂದು ವಿಚಿತ್ರ ಏನೆಂದರೆ, ಡಿಜಿಟಲ್ ಬಂದ ಮೇಲೆ ನಮ್ಮ ಫೋಟೊಗಳೇ ನಿಂತುಹೋದವು. ಉಳಿಯುವ ಫ್ರೇಮು ಎಂಬುದೇ ಇಲ್ಲವಾದ ಮೇಲೆ ಹಿತ್ತಲ ಬಾಗಿಲಿಗೆ ಬಂದು ಕೂಗುವ ಕಾರಣ ಅಪ್ಪನಿಗೆ ಇರಲಿಲ್ಲ. ಎಷ್ಟು ಬೇಕಾದರೂ ತೆಗೆಯಬಹುದಾದ್ದರಿಂದ ಯಾವತ್ತೂ ತೆಗೆಯಲಿಲ್ಲ. ನಮ್ಮ ಆಲ್ಬಮ್ ನನ್ನ ಎಂಟನೆಯ ತರಗತಿಯಲ್ಲಿ ಮುಗಿಯುತ್ತದೆ.

ಪಿಯುಸಿ ಎರಡನೆಯ ವರ್ಷದಲ್ಲಿ ನಾನಿದ್ದಾಗ, ಜ್ವರವೆಂದು ಮಲಗಿದ ಅಮ್ಮ ಏಳಲಿಲ್ಲ. ಅವಳ ಶಿವಗಣಾರಾಧನೆಯ ದಿನ ಪೂಜೆಗಿಡಲು ಒಂದು ಫೋಟೊ ಬೇಕಿತ್ತು. ಮನೆಯಲ್ಲಿ ಎಲ್ಲರೂ ಪಿಸುಗುಟ್ಟುತ್ತ ಓಡಾಡುತ್ತಿದ್ದಾಗ ನಾನೇ ಅಪ್ಪನ ಬಳಿ ಹೋಗಿ, "ಬಸವ ಜಯಂತಿ ಫೋಟೊ ಕೊಡಿ ಅಪ್ಪ. ಅಮ್ಮ ಆರಿಸಿದ್ಲಲ್ಲ, ಅದು. ಸೀಡಿ ಎಲ್ಲಿದೆ?" ಎಂದೆ. ಅಪ್ಪ ಒಗೆಯುವ ಕಲ್ಲಿನ ಮೇಲೆ ಕೂತಿದ್ದರು. ತಲೆಯೆತ್ತಲಿಲ್ಲ. "ಸೀಡಿ ಇಲ್ಲ ಕಣಮ್ಮ," ಎಂದರು. "ಕಾರ್ಡ್ ತುಂಬ್ಲಿ, ಆಮೇಲೆ ಲ್ಯಾಬಿಗೆ ಕೊಡೋಣ ಅನ್ಕೊಂಡೆ. ಮಾರನೇ ದಿನ ವಿಜಯನಗರದಲ್ಲಿ ಮದ್ವೆ ಇತ್ತು. ಧಾರೆ ಹೊತ್ಗೆ ಕಾರ್ಡ್ ತುಂಬೋಯ್ತು. ಎಲ್ರೂ ಬೇಗ ಬೇಗ ಅಂತಿದ್ರು. ಮೊದಲ್ನೇದ್ರಿಂದ ಅಳಿಸ್ತಾ ಬಂದೆ." ಆಮೇಲೆ ಸೇರಿಸಿದರು: "ಮೊದ್ಲು ನಿಮ್ಮಮ್ಮ ಇದ್ಲು."

ರೋಲು ತುಂಬದೆ ಲ್ಯಾಬಿಗೆ ಕೊಡಬಾರದೆಂಬ ಅವರ ನೇಮ ಯಂತ್ರ ಬದಲಾದರೂ ಬದಲಾಗಿರಲಿಲ್ಲ. ಅಷ್ಟನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ. ಫಿಲ್ಮಿನ ಮೇಲೆ ಒಮ್ಮೆ ಬಿದ್ದ ಬೆಳಕನ್ನು ಅಪ್ಪನಿಂದಲೂ ವಾಪಸು ತೆಗೆಯಲು ಆಗುತ್ತಿರಲಿಲ್ಲ, ಆ ಅಧಿಕಾರ ಕೈಗೆ ಬಂದ ಕೂಡಲೇ ಅವರು ಮೊದಲು ತೆಗೆದುಹಾಕಿದ್ದು ಅವಳನ್ನು. ಅದನ್ನೂ ಅವಸರವೆಂದು ಬಿಡೋಣ. ನಾನು ಬಿಡಲಾರದೆ ಇರುವುದು ಅದರ ನಂತರದ ವರ್ಷಗಳನ್ನು. ಸೀರೆ ಟ್ರಂಕಿನಲ್ಲೇ ಇತ್ತು, ಸೀಬೆ ಮರ ಅಲ್ಲೇ ಇತ್ತು, ಅಮ್ಮ ಪಕ್ಕದ ಕೋಣೆಯಲ್ಲೇ ಇದ್ದಳು. ಇನ್ನೊಂದು ಬೆಳಿಗ್ಗೆ ತೆಗೆಯಬಹುದಿತ್ತು. ಆದರೆ ಇನ್ನೊಂದು ತೆಗೆಯಬೇಕೆಂದರೆ ಮೊದಲನೆಯದು ಹೋಯಿತೆಂದು ಅವಳ ಮುಂದೆ ಒಪ್ಪಿಕೊಳ್ಳಬೇಕಿತ್ತು. ಅಪ್ಪನಿಗೆ ಅದಕ್ಕಿಂತ ಸುಳ್ಳು ಸುಲಭವಾಯಿತು. ಅವಳು ಕೊನೆಯವರೆಗೂ ಇಲ್ಲದ ಫೋಟೊಗಾಗಿ ಕಾದಳು. ಇದಕ್ಕೆ ನನ್ನ ಭಾಷೆಯಲ್ಲಿ ಮೋಸ ಎಂಬುದಲ್ಲದೆ ಬೇರೆ ಹೆಸರಿಲ್ಲ.

ಕೊನೆಗೆ ಸಿಕ್ಕಿದ್ದು ಹಳೆಯ ಆಲ್ಬಮಿನ ಒಂದು ಫೋಟೊ, ಯಾವುದೋ ಮದುವೆಯ ರೋಲಿನ ಕಟ್ಟಕಡೆಯದು. ರೋಲು ಮುಗಿದೇಹೋಗಿದ್ದರೂ ಅಪ್ಪ ಬಲವಂತವಾಗಿ ಇನ್ನೊಂದು ತೆಗೆದಿದ್ದರು. ಫಿಲ್ಮು ಪೂರ್ತಿ ಮುಂದೆ ಸರಿಯದೆ ಹಿಂದಿನ ಚಿತ್ರದ ಅಂಚು ಇದರ ಮೇಲೆ ಬಿದ್ದಿತ್ತು. ಹಾಗಾಗಿ ಅಮ್ಮನ ಎಡಭುಜದ ಮೇಲೆ ಯಾರದೋ ಮಂಟಪದ ಚೆಂಡುಹೂವಿನ ಮಾಲೆ ತೆಳ್ಳಗೆ ಇಳಿದಿದೆ. ತಲೆಗೆ ಟವೆಲ್ಲು. ಒದ್ದೆ ಕೈ. ಹಿಂದೆ ಮೋರಿ. ಅದನ್ನೇ ದೊಡ್ಡದು ಮಾಡಿಸಿ ಪೂಜೆಗಿಟ್ಟೆವು, ಆಮೇಲೆ ಅವಳೇ ಹೊಡೆದ ಮೊಳೆಗೆ ತೂಗುಹಾಕಿದೆವು. ವಠಾರ ಬಿಡುವಾಗ ನಾನು ಆ ಮೊಳೆಯನ್ನೂ ಕಿತ್ತು ತಂದೆ.

ಈಗ ಆ ಫೋಟೊ ಅದೇ ಮೊಳೆಯಲ್ಲಿ ಬಸವೇಶ್ವರನಗರದ ನನ್ನ ಮನೆಯ ಗೋಡೆಯಲ್ಲಿದೆ. ಅಪ್ಪನೂ ನನ್ನ ಜೊತೆಯಲ್ಲೇ ಇದ್ದಾರೆ. ಊಟ, ಔಷಧಿ, ಪೇಪರು, ಯಾವುದಕ್ಕೂ ನಾನು ಕಡಿಮೆ ಮಾಡಿಲ್ಲ. ಆದರೆ ಆ ದಿನದ ಮಾತನ್ನು ನಾವಿಬ್ಬರೂ ಮತ್ತೆ ಎತ್ತಿಲ್ಲ. ಅಂಗಡಿಯಿಂದ ಬಂದ ಸಂಜೆ ಮಗಳು ಹೊಸ ಕ್ಯಾಮೆರಾ ಹಿಡಿದು ಮನೆಯಲ್ಲಿದ್ದದ್ದನ್ನೆಲ್ಲ ತೆಗೆದಳು. ತಾತನನ್ನು ತೆಗೆದಳು, ತಾತ ಮುಖ ತಿರುಗಿಸಿಕೊಂಡರು. ಕೊನೆಗೆ ಗೋಡೆಯ ಅಮ್ಮನನ್ನೂ ತೆಗೆದು, ಪರದೆಯಲ್ಲಿ ದೊಡ್ಡದು ಮಾಡಿ ನೋಡಿ, "ಅಜ್ಜಿ ಎಷ್ಟ್ ಚೆನ್ನಾಗಿ ನಗ್ತಿದಾರೆ ಅಲ್ವಾ ಅಮ್ಮ?" ಎಂದಳು. ಮನೆಗೆ ಬಂದವರೆಲ್ಲ ಹಾಗೇ ಹೇಳುತ್ತಾರೆ, ನಾನು ಹೂಂ ಎಂದು ಸುಮ್ಮನಾಗುತ್ತೇನೆ. ಅವತ್ತು ಸುಮ್ಮನಾಗಲು ಆಗಲಿಲ್ಲ.

"ನಗ್ತಿಲ್ಲ ಕಣೇ," ಎಂದೆ. "ಏನೋ ಹೇಳ್ತಿದಾಳೆ. ತಡೀರಿ, ಸೀರೆನಾರ ಬದಲಾಯಿಸ್ಕೊಂಡು ಬರ್ತೀನಿ ಅಂತಿದಾಳೆ."

ಮಗಳು ತಿರುಗಿ ತಾತನನ್ನು ನೋಡಿದಳು. ಅಪ್ಪ ಕೈಯಲ್ಲಿದ್ದ ಪೇಪರನ್ನು ಮಡಿಸಿದರು. ಗೋಡೆಯ ಕಡೆಗೇ ನೋಡುತ್ತ, ಮೆಲ್ಲಗೆ, "ಬೆಳಕು ಹೋಗ್ತಿತ್ತು ಕಣೇ," ಎಂದರು.

ಗೋಡೆಯಲ್ಲಿ ಅಮ್ಮನ ತುಟಿ ಅರ್ಧ ತೆರೆದೇ ಇತ್ತು.