ಟಿಕ್ ಟಿಕ್ ನಿಂತ ಮೇಲೆ

ಮೇಲ್ನೋಟಕ್ಕೆ ಗೇಜಕ್ಕನಿಗೆ ಯಾವ ವ್ಯಾಪಾರಿಯೂ ಒಳ್ಳೆಯ ಬೆಲೆ ಕಟ್ಟುತ್ತಿರಲಿಲ್ಲ. ಗಿಡ್ಡ ಮೈಕಟ್ಟು, ಗ್ರೀಸು ಹಿಡಿದ ಉಗುರು, ನಾಲ್ಕು ಪ್ರಶ್ನೆಗೆ ಒಂದು ಉತ್ತರ ಕೊಡುವ ಬಾಯಿ. ಆದರೆ ಸರಕನ್ನು ತಿರುಗಿಸಿ ನೋಡಬೇಕು. ಎಡಗಿವಿಯನ್ನು ಬಾನೆಟ್ಟಿನ ಕಡೆ ವಾಲಿಸಿದಳೆಂದರೆ ಎಂಜಿನ್ನಿನ ಒಳಗುಟ್ಟು ಕಾರಿನ ಒಡೆಯನಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. ಮೇಲಂಗಿಯ ಜೇಬಿನಲ್ಲಿ ಸದಾ ಒಂದು ಫೀಲರ್ ಗೇಜ್: ಬೀಸಣಿಗೆಯಂತೆ ಬಿಚ್ಚಿಕೊಳ್ಳುವ, ಸಂದುಗಳನ್ನು ಅಳೆಯುವ ತೆಳ್ಳನೆಯ ಉಕ್ಕಿನ ಪಟ್ಟಿಗಳು. ಹೆಸರು ಬಂದದ್ದು ಅದರಿಂದ. ಇನ್ನೊಂದು ವಿಷಯ: ಮರೆಯುವ ಅಭ್ಯಾಸ ಅವಳಿಗಿರಲಿಲ್ಲ.

ಅಪ್ಪನ ಗ್ಯಾರೇಜಿನಲ್ಲಿ ಹದಿನೆಂಟು ವರ್ಷ ಎಂಜಿನ್ ಹೆಡ್ಡುಗಳ, ಅಂದರೆ ವಾಲ್ವುಗಳಿರುವ ಮೇಲ್ಭಾಗದ, ಕೆಲಸ ಅವಳದು. ಮೇಜಿನ ಹಿಂದೆ ಕೂತು ಗಿರಾಕಿಗಳನ್ನು ನಗಿಸುವ ಕೆಲಸ ಅಣ್ಣನದು. ಅಪ್ಪ ತೀರಿಕೊಂಡ ಮೇಲೂ ಹೇಗೋ ನಡೆಯುತ್ತಿತ್ತು. ಪೆಟ್ರೋಲಿಗೆ ಸೀಸ ಬೆರೆಸುವುದು ನಿಂತ ವರ್ಷ ಇಬ್ಬರ ನಡುವೆ ಕೆಟ್ಟಿತು. ಹಳೆಯ ಕಾರುಗಳಲ್ಲಿ, ಗಾಳಿ-ಹೊಗೆಯ ದಾರಿ ತೆರೆದು ಮುಚ್ಚುವ ವಾಲ್ವ್ ಬಂದು ಕೂರುವ ಸೀಟು ಮೆತ್ತನೆಯ ಕಬ್ಬಿಣ. ಸೀಸದ ತೆಳು ಲೇಪವೇ ಅದಕ್ಕೆ ರಕ್ಷೆ. ಅದು ಹೋದರೆ ಕಾದ ವಾಲ್ವ್ ಬಡಿದು ಬಡಿದು ಸೀಟನ್ನು ಸವೆಸಿಬಿಡುತ್ತದೆ. ಸೀಟು ಕೊರೆದು ಗಟ್ಟಿ ಉಕ್ಕಿನ ಉಂಗುರ ಕೂರಿಸಬೇಕು ಎಂದಳು ಗೇಜಕ್ಕ. ಅಂಗಳದ ತುಂಬ ಗಿರಾಕಿಗಳಿದ್ದರು. ಅಣ್ಣ ಹೊಟ್ಟೆ ಹಿಡಿದು ನಕ್ಕ.

“ಕೇಳಿದ್ರಾ? ಎಂಜಿನ್ನಿಗೆ ಉಂಗುರ ತೊಡಿಸಬೇಕಂತೆ! ನಾಳೆ ಬಳೆ, ನಾಡಿದ್ದು ಓಲೆ. ಇವಳಿಗೆ ಕೆಲಸ ಕಡಿಮೆಯಾಗಿದೆ, ಅದಕ್ಕೆ ನಿಮ್ಮನ್ನ ಹೆದರಿಸ್ತಿದಾಳೆ.”

“ಅಣ್ಣಾ, ನಾನು ಯಾವತ್ತು ಸುಳ್ಳು ಹೇಳಿದೀನಿ?”

“ಇವತ್ತು. ನಿನ್ನ ಸ್ಪ್ಯಾನರ್ ಎತ್ಕೊಂಡು ನಡಿ ಆಚೆ.”

ನಡೆದಳು. ಬಹಳ ದೂರವೇನಲ್ಲ, ರಸ್ತೆಯ ಎದುರು ಬದಿಯ ತಗಡಿನ ಶೆಡ್ಡಿಗೆ. ಅವಳಿಗೆ ಬೇಕಿದ್ದುದು ಒಂದೇ: ಅದೇ ಬಾಯಿ, ಅದೇ ಜನರ ಮುಂದೆ, ಆ ಮಾತನ್ನು ನುಂಗಬೇಕು.

ಅಪ್ಪನ ಹಳೆಯ ಕಾರನ್ನು ಈಗ ಅಣ್ಣ ಓಡಿಸುತ್ತಿದ್ದ. ದಿನಾ ಬೆಳಿಗ್ಗೆ ಅದು ಶೆಡ್ಡಿನ ಮುಂದೆ ಹಾದುಹೋಗುವಾಗ ಗೇಜಕ್ಕ ಮೈಯೆಲ್ಲ ಕಿವಿಯಾಗುತ್ತಿದ್ದಳು. ಮೊದಮೊದಲು ವಾಲ್ವುಗಳನ್ನು ತಳ್ಳುವ ಟ್ಯಾಪೆಟ್ಟುಗಳ ಟಿಕ್ ಟಿಕ್ ಕೇಳುತ್ತಿತ್ತು. ಅದು ಆರೋಗ್ಯದ ಸದ್ದು. ವಾಲ್ವಿನ ಬಾಲದ ತುದಿಯಲ್ಲಿ ಇರಬೇಕಾದ ಸಂದು ಇದೆ ಎಂದರ್ಥ. ಸೀಟು ಸವೆದಷ್ಟೂ ಆ ಸಂದು ಮುಚ್ಚುತ್ತದೆ, ಸದ್ದು ಅಡಗುತ್ತದೆ. ಎಂಜಿನ್ನಿನ ಬೇರೆ ಕಾಯಿಲೆಗಳೆಲ್ಲ ಬೊಬ್ಬೆ ಹೊಡೆದುಕೊಂಡು ಬಂದರೆ ಇದು ಬಾಯಿಗೆ ಬೀಗ ಹಾಕಿಕೊಂಡು ಬರುತ್ತದೆ.

ಆರನೇ ತಿಂಗಳು ಅಣ್ಣ ಬೇಕೆಂದೇ ಶೆಡ್ಡಿನ ಮುಂದೆ ಕಾರು ನಿಲ್ಲಿಸಿದ.

“ಕೇಳು, ಕೇಳು! ಸದ್ದೇ ಇಲ್ಲ. ನಿನ್ನ ಉಂಗುರ ಇಲ್ದೇನೇ!”

ಗೇಜಕ್ಕ ಎಡಗಿವಿ ವಾಲಿಸಿದಳು. ಸಂದು ಮುಚ್ಚಿಯೇ ಹೋಗಿತ್ತು.

“ಹೌದಣ್ಣಾ. ರೇಷ್ಮೆ ಥರ ಇದೆ.”

“ಭಾನುವಾರ ಗುಡ್ಡ ಹತ್ತಿಸ್ತೀನಿ. ಗಿರಾಕಿಗಳೂ ಅವರವರ ಕಾರು ತರ್ತಾರೆ. ನೀನೂ ಬಾ, ನೋಡಿ ಕಲ್ತ್ಕೋ.”

“ಜೋರಾಗಿ ಹತ್ತಿಸು. ಮೆಲ್ಲಗೆ ಹೋದ್ರೆ ಜನ ನಂಬಲ್ಲ.”

ಅಷ್ಟು ಹೇಳಿದ ಮೇಲೆ ಅವಳಿಗೆ ಬಹಳ ದಿನಗಳಿಂದ ಇಲ್ಲದಂಥ ಹಸಿವಾಯಿತು.

ಅಣ್ಣ ಜೋರಾಗಿಯೇ ಹತ್ತಿಸಿದ. ಮೂರನೇ ತಿರುವಿನ ಹೊತ್ತಿಗೆ ಬಿಸಿಗೆ ಹಿಗ್ಗಿದ ವಾಲ್ವುಗಳಿಗೆ ಮುಚ್ಚಿಕೊಳ್ಳಲು ಜಾಗವೇ ಉಳಿಯಲಿಲ್ಲ. ಕಾರು ಕೆಮ್ಮಿತು, ಸೈಲೆನ್ಸರಿನಿಂದ ಪಟಪಟನೆ ಸಿಡಿಯಿತು, ಹಿಂದಿದ್ದ ಹನ್ನೊಂದು ಕಾರುಗಳವರ ಕಣ್ಣೆದುರೇ ನಿಂತಿತು. ಅದನ್ನು ಕೆಳಗೆ ಎಳೆದು ತಂದದ್ದು ನಿವೃತ್ತ ಮೇಷ್ಟರ ಕಾರು. ಅದರ ಹೆಡ್ಡಿಗೆ ಗೇಜಕ್ಕ ಗುಟ್ಟಾಗಿ ಉಂಗುರ ಕೂರಿಸಿದ್ದಳು; ಅಂದು ಅದರ ಹಿಂದಿನ ಸೀಟಿನಲ್ಲಿ ಅವಳೇ ಕೂತಿದ್ದಳು.

ಶೆಡ್ಡಿನಲ್ಲಿ ಎಂಜಿನ್ ಆರುವ ತನಕ ಕಾದು, ಮೇಲಿನ ಮುಚ್ಚಳ ಬಿಚ್ಚಿ, ಸುತ್ತ ನೆರೆದ ಗಿರಾಕಿಗಳೆದುರು ಗೇಜನ್ನು ಅಣ್ಣನ ಕೈಗೆ ಕೊಟ್ಟಳು.

“ಎಲ್ಲಕ್ಕಿಂತ ತೆಳ್ಳಗಿನ ಪಟ್ಟಿ ತೂರಿಸಿ ನೋಡು.”

“ಹೋಗ್ತಿಲ್ಲ,” ಗೊಣಗಿದ ಅಣ್ಣ.

“ಜೋರಾಗಿ ಹೇಳಣ್ಣಾ. ಮೇಷ್ಟ್ರಿಗೆ ಕಿವಿ ಮಂದ.”

“ನಂಗೆ ಕಿವಿ ಚೆನ್ನಾಗೇ ಇದೆಯಲ್ಲಮ್ಮ,” ಎಂದರು ಮೇಷ್ಟ್ರು.

“ಇವತ್ತೊಂದಿನ ಮಂದ ಇರ್ಲಿ, ಮೇಷ್ಟ್ರೇ.”

ಹೊಗೆ ಬಿಡುವ ನಾಲ್ಕು ವಾಲ್ವಿಗೂ ನಾಲ್ಕು ಸಲ ಅಣ್ಣ ಕೂಗಿ ಹೇಳಬೇಕಾಯಿತು. ಐದನೆಯ ಸಲ, ಯಾರ ಮುಖವನ್ನೂ ನೋಡದೆ, “ಇವಳು ಹೇಳಿದ್ದೇ ನಿಜ. ಸುಳ್ಳು ಹೇಳಿದ್ದು ನಾನು,” ಎಂದ. ಆಮೇಲೆ ಅವಳ ಕಡೆ ತಿರುಗಿದ.

“ನಿಂಗೆ ಮೊದಲೇ ಗೊತ್ತಿತ್ತಾ?”

“ಗೊತ್ತಿತ್ತು.”

“ಅಪ್ಪನ ಕಾರು ಕಣೇ ಇದು! ಒಂದು ಮಾತು ಹೇಳ್ಬಾರ್ದಿತ್ತಾ?”

“ಹೇಳಿದ್ದೆ. ಅಂಗಳದ ತುಂಬ ಜನರ ಮುಂದೆ. ಒಂದೇ ಮಾತು ಎರಡು ಸಲ ಹೇಳೋಕೆ ನನ್ನ ಬಾಯೇನು ಬಾಡಿಗೆಗಿದೆಯಾ? ಕಾರು ಬಿಟ್ಟು ಹೋಗು, ರಿಪೇರಿ ಮಾಡ್ತೀನಿ. ಇವರೆಲ್ಲರದ್ದೂ ಮುಗಿದ ಮೇಲೆ.”

ಅಣ್ಣನ ಸರದಿ ಬರಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟು ದಿನವೂ ಅವನು ಶೆಡ್ಡಿನ ಮುಂದೆ ನಡೆದುಕೊಂಡೇ ಗ್ಯಾರೇಜಿಗೆ ಹೋದ. ಗೇಜಕ್ಕ ಒಂದು ದಿನವೂ ತಪ್ಪದೆ ತಲೆಯೆತ್ತಿ ನೋಡಿದಳು.

ಅವನಿಗಿಂತ ಮುಂದೆ ನಿಂತಿದ್ದ ಕಾರುಗಳಲ್ಲಿ ಒಂಬತ್ತನೆಯದು ನನ್ನದು. ಅದು ಇಂದಿಗೂ ಓಡುತ್ತಿರುವುದು ಅವಳ ಕೈಕೆಲಸದಿಂದ. ಅಷ್ಟು ಋಣ ನನ್ನ ಮೇಲಿದೆ.